ಮೇಲ್ ಬಂದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ: ಕ್ರಾನ್ ಮೇಲ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

ನಾನು ಮಾದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಸಂಬಳ, ಗೊಬ್ಬರ, ಮಳೆ, ಎಲ್ಲದರ ಲೆಕ್ಕವೂ ನನ್ನ ಮೇಜಿಗೇ ಬರುತ್ತದೆ. ಮೊದಲು ದಪ್ಪ ರಿಜಿಸ್ಟರ್‌ಗಳಿದ್ದವು. ಈಗ ಸ್ಟೋರ್ ರೂಮಿನ ಮೂಲೆಯಲ್ಲಿ, ಗೊಬ್ಬರದ ಮೂಟೆಗಳ ಪಕ್ಕ, ಉಬುಂಟು ಹಾಕಿದ ಹಳೇ ಡೆಸ್ಕ್‌ಟಾಪ್ ಒಂದಿದೆ. ಅದೇ ನಮ್ಮ ಸರ್ವರ್. ಸಾಹುಕಾರರು ಇವತ್ತಿಗೂ ಅದನ್ನು 'ನಿನ್ನ ಡಬ್ಬ' ಅಂತಲೇ ಕರೆಯುತ್ತಾರೆ.

ಡಬ್ಬ ರಾತ್ರಿ ಎರಡು ಕೆಲಸ ಮಾಡುತ್ತದೆ. ಹೇಳಿದ ಹೊತ್ತಿಗೆ ಅವನ್ನು ಓಡಿಸುವುದು ಕ್ರಾನ್ ಅನ್ನುವ ಪ್ರೋಗ್ರಾಮ್. 2:30ಕ್ಕೆ ಹಾಜರಿ, ಸಂಬಳದ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡುತ್ತದೆ. 2:45ಕ್ಕೆ ಮಳೆ ಲೆಕ್ಕವನ್ನು ಒಟ್ಟು ಹಾಕುತ್ತದೆ. ನಮ್ಮಲ್ಲಿ ಮಳೆ ಅಂದ್ರೆ ಇಂಚು, ಸೆಂಟು. 100 ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಹೇಳಿದರೆ ಸಾಹುಕಾರರಿಗೆ ಮಳೆ ಬಂದಂತೆಯೇ ಅನಿಸುವುದಿಲ್ಲ.

ಕಾಪಿ ಕೆಲಸ ಸರಿಯಾಗಿ ಮುಗಿದರೆ ಸುಮ್ಮನಿರುತ್ತದೆ. ಏನಾದರೂ ಕೆಟ್ಟರೆ ಮಾತ್ರ ನನಗೆ ಮೇಲ್. ಹಾಗಂತ ನಾನೇ ಮಾಡಿಟ್ಟಿದ್ದೆ. ಒಂದು ಜುಲೈಯಲ್ಲಿ ಒಂಬತ್ತು ದಿನ ಒಂದೂ ಮೇಲ್ ಬರಲಿಲ್ಲ. ಪರವಾಗಿಲ್ಲ, ಡಬ್ಬ ಚೆನ್ನಾಗಿದೆ ಅಂದುಕೊಂಡೆ. ಹತ್ತನೇ ದಿನ ಒಬ್ಬರ ಹಾಜರಿಯಲ್ಲಿ ಅರ್ಧ ದಿನದ ತಕರಾರು ಬಂತು. ಹಳೇ ಕಾಪಿ ನೋಡೋಣ ಅಂತ ಡಿಸ್ಕ್ ತೆರೆದರೆ ಕೊನೆಯ ಫೈಲ್ ಒಂಬತ್ತು ದಿನ ಹಿಂದಿನದು. ಡಿಸ್ಕ್ ತುಂಬಿಹೋಗಿತ್ತು. ಡಬ್ಬ ಪ್ರತಿ ರಾತ್ರಿ ಅದನ್ನೇ ಕೂಗಿ ಹೇಳಿತ್ತು. ನನಗೆ ಕೇಳಿಸಲಿಲ್ಲ, ಅಷ್ಟೇ.

ಆ ಮೇಲ್‌ಗಳು ಎಲ್ಲಿ ಹೋದವು ಅಂತ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು, ಮೇಲ್ ಹೇಗೆ ಹೊರಡುತ್ತದೆ ಅಂತ ತಿಳಿದುಕೊಳ್ಳಿ. ಕ್ರಾನ್‌ಗೆ ಮೇಲ್ ಕಳಿಸಲು ಬರುವುದಿಲ್ಲ. ಅದು ನಿಮ್ಮ ಸ್ಕ್ರಿಪ್ಟನ್ನು, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಫೈಲನ್ನು, ಓಡಿಸುತ್ತದೆ. ಸ್ಕ್ರಿಪ್ಟ್ ಏನಾದರೂ ಬರೆದರೆ, ಮಾಮೂಲಿ ಮಾತಾಗಲಿ, ತಪ್ಪಿನ ಮಾತಾಗಲಿ, ಅಷ್ಟನ್ನೂ ಹಿಡಿದು ಸೆಂಡ್‌ಮೇಲ್ ಅನ್ನುವ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಅಲ್ಲಿಗೆ ಅದರ ಜವಾಬ್ದಾರಿ ಮುಗಿಯಿತು. ಏನೂ ಬರೆಯದಿದ್ದರೆ ಮೇಲ್ ಇಲ್ಲ. ಆಮೇಲಿನದು ಮೇಲ್ ಸರ್ವರ್‌ನ ಪಾಡು. ನಮ್ಮಲ್ಲಿ ಅದು ಪೋಸ್ಟ್‌ಫಿಕ್ಸ್. ಅದು ಸೆಂಡ್‌ಮೇಲ್ ಅನ್ನುವ ಹೆಸರಿನಲ್ಲೇ ಕ್ರಾನ್‌ನಿಂದ ಕಾಗದ ಇಸಿದುಕೊಳ್ಳುತ್ತದೆ.

ತೋಟದಲ್ಲಿ ತೊರೆಯಿಂದ ಮನೆಗೆ ಪೈಪಿನಲ್ಲಿ ನೀರು ತರುವವರಿಗೆ ಇದು ಅರ್ಥವಾಗುತ್ತದೆ. ನಲ್ಲಿಯಲ್ಲಿ ನೀರಿಲ್ಲ ಅಂದ ಕೂಡಲೇ ಯಾರೂ ನಲ್ಲಿ ಬಿಚ್ಚುವುದಿಲ್ಲ. ನಡುವಿನ ಒಂದು ಜಾಯಿಂಟ್ ಬಿಚ್ಚುತ್ತಾರೆ. ಅಲ್ಲಿ ನೀರಿದ್ದರೆ ತೊಂದರೆ ಕೆಳಗೆ, ಇಲ್ಲದಿದ್ದರೆ ಮೇಲೆ. ಮೇಲ್‌ಗೂ ಅಂಥ ನಡುವಿನ ಜಾಯಿಂಟ್ ಒಂದಿದೆ. ಕ್ರಾನನ್ನು ಬಿಟ್ಟು ಕೈಯಿಂದಲೇ ಒಂದು ಮೇಲ್ ಕಳಿಸಿ ನೋಡುವುದು:

ಎಕೋ ಮಳೆ | ಮೇಲ್ -ಎಸ್ ಪರೀಕ್ಷೆ ನಿಮ್ಮ-ವಿಳಾಸ

ಮೇಲ್ ಅನ್ನುವ ಆಜ್ಞೆಯೇ ಇಲ್ಲ ಅಂತ ಬಂದರೆ ಮೇಲ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಈ ಮೇಲ್ ಇನ್‌ಬಾಕ್ಸಿಗೆ ಬಂದರೆ ಪೈಪಿನ ಕೆಳಗಿನ ಅರ್ಧ ಸರಿ ಇದೆ, ತೊಂದರೆ ಕ್ರಾನ್ ಕಡೆ. ಬರದಿದ್ದರೆ ಪೋಸ್ಟ್‌ಫಿಕ್ಸ್ ಕಡೆ. ಸ್ಪ್ಯಾಮ್ ಡಬ್ಬಿಯನ್ನೂ ನೋಡಿ. ನಾನು ಅದನ್ನು ಕೊನೆಗೆ ನೋಡುವವನು, ಅದಕ್ಕೇ ಹೇಳುತ್ತಿದ್ದೇನೆ.

ನನಗೆ ಬರಲಿಲ್ಲ. ಹಾಗಾಗಿ ಕೆಳಗಿನ ಅರ್ಧವನ್ನೇ ಮೊದಲು ಹೇಳುತ್ತೇನೆ.

ಮೇಲ್‌ಕ್ಯೂ ಅಂತ ಒಂದು ಆಜ್ಞೆ ಇದೆ. ಹೊರಡಲಾಗದೆ ಕೂತಿರುವ ಮೇಲ್‌ಗಳ ಪಟ್ಟಿ ಕೊಡುತ್ತದೆ. ಹೊಡೆದು ನೋಡಿದರೆ ಸಂತೆ ದಿನದ ಬಸ್ ಸ್ಟ್ಯಾಂಡಿನ ಹಾಗಿತ್ತು. ಪ್ರತಿ ಮೇಲ್‌ನ ಕೆಳಗೂ ಒಂದೇ ಕಾರಣ: 25ನೇ ಪೋರ್ಟಿಗೆ ಸಂಪರ್ಕ ಸಿಗಲಿಲ್ಲ, ಸಮಯ ಮೀರಿತು. ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲು ಈ 25. ವಾರ್ ಲಾಗ್ ಫೋಲ್ಡರಿನ ಮೇಲ್.ಲಾಗ್ ಫೈಲಿನಲ್ಲೂ ಅದೇ ಮಾತು. ಆ ಫೈಲಿನಲ್ಲಿ ನೀವು ಹುಡುಕಬೇಕಾದ್ದು ಸ್ಟೇಟಸ್ ಅನ್ನುವ ಪದ. ಅದರ ಮುಂದೆ ಸೆಂಟ್ ಅಂತಿದ್ದರೆ ಆಚೆಯ ಸರ್ವರ್ ಮೇಲ್ ಒಪ್ಪಿಕೊಂಡಿದೆ. ಡಿಫರ್ಡ್ ಅಂದರೆ ಆಮೇಲೆ ಮತ್ತೆ ನೋಡುತ್ತೇನೆ ಅಂತ. ಬೌನ್ಸ್ಡ್ ಅಂದರೆ ಕೈಬಿಟ್ಟಿದೆ.

ಕಾರಣ ಆಮೇಲೆ ಹೊಳೆಯಿತು. ಜೂನ್ ಕೊನೆಯಲ್ಲಿ ನಾವು ಇಂಟರ್‌ನೆಟ್ ಕನೆಕ್ಷನ್ ಬದಲಿಸಿದ್ದೆವು. ಹೊಸ ಕಂಪನಿ 25ನೇ ಪೋರ್ಟನ್ನು ಮುಚ್ಚಿದೆ. ಮನೆ ಕನೆಕ್ಷನ್ನಿನಲ್ಲಿ ಹೀಗೆ ಮುಚ್ಚುವುದು ಮಾಮೂಲು. ವೈರಸ್ ಹೊಕ್ಕ ಕಂಪ್ಯೂಟರ್‌ಗಳು ಅದೇ ದಾರಿಯಲ್ಲಿ ಸ್ಪ್ಯಾಮ್ ಕಳಿಸುತ್ತವೆ. ಬಾಡಿಗೆ ಕ್ಲೌಡ್ ಸರ್ವರ್‌ಗಳಲ್ಲೂ ಎಷ್ಟೋ ಕಡೆ ಹಾಗೆಯೇ. ಮುಚ್ಚಿದ್ದು ತಪ್ಪಲ್ಲ, ಆದರೆ ಕನೆಕ್ಷನ್ ಕೊಡುವಾಗ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಇನ್ನೊಂದು ವಿಷಯ ಗಮನಿಸಿದೆ. ಒಂಬತ್ತು ರಾತ್ರಿಯ ಮೇಲ್‌ಗಳಲ್ಲಿ ಹಳೆಯವು ಸಾಲಿನಲ್ಲಿ ಇರಲೇ ಇಲ್ಲ. ಪೋಸ್ಟ್‌ಫಿಕ್ಸ್ ಒಂದು ಮೇಲನ್ನು ಐದು ದಿನ ಇಟ್ಟುಕೊಂಡು ಆಗಾಗ ಪ್ರಯತ್ನಿಸುತ್ತದೆ. ಆಗದಿದ್ದರೆ ಕಳಿಸಿದವರಿಗೇ ವಾಪಸ್ ಕೊಡುತ್ತದೆ. ಕಳಿಸಿದವರು ಯಾರು? ಅದೇ ಯಂತ್ರದಲ್ಲಿರುವ ನನ್ನ ಹೆಸರಿನ ಖಾತೆ. ಅಂದರೆ ವಾಪಸ್ ಬಂದ ಮೇಲ್‌ಗಳು ಡಬ್ಬದೊಳಗಿನ ಅಂಚೆ ಪೆಟ್ಟಿಗೆಯಲ್ಲೇ ಬಿದ್ದಿದ್ದವು, ವಾರ್ ಫೋಲ್ಡರಿನ ಒಳಗೆ, ಮೇಲ್ ಅನ್ನುವ ಫೋಲ್ಡರಿನಲ್ಲಿ. ಸುಮ್ನೆ ಮೇಲ್ ಅಂತ ಹೊಡೆದರೆ ತೆರೆದುಕೊಳ್ಳುತ್ತದೆ. ಲಾಗಿನ್ ಆದಾಗಲೆಲ್ಲ 'ನಿಮಗೆ ಮೇಲ್ ಇದೆ' ಅಂತ ಒಂದು ಸಾಲು ಬರುತ್ತಿತ್ತು. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಪರಿಹಾರ: ನೇರವಾಗಿ 25ಕ್ಕೆ ಹೋಗದೆ, ನಿಮ್ಮ ಮೇಲ್ ಖಾತೆಯ ಸರ್ವರ್ ಮೂಲಕ 587ನೇ ಪೋರ್ಟಿನಲ್ಲಿ ಹೋಗುವುದು. ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್ ಫೈಲಿನಲ್ಲಿ ರಿಲೇಹೋಸ್ಟ್ ಅನ್ನುವ ಸಾಲಿಗೆ ಆ ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಬರೆದು, ಮುಂದೆ :587 ಹಾಕಿ. ಚೌಕ ಆವರಣ ಮರೆಯಬೇಡಿ. ಅದು 'ಇದೇ ಸರ್ವರ್, ಬೇರೆ ವಿಳಾಸ ವಿಚಾರಿಸಬೇಡ' ಅಂತ ಹೇಳುತ್ತದೆ. ಜೊತೆಗೆ ಸಾಸ್ಲ್ ಲಾಗಿನ್ (ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವುದು) ಚಾಲೂ ಮಾಡಿ, ದಾರಿಯಲ್ಲಿ ಯಾರೂ ಓದದಂತೆ ಟಿಎಲ್‌ಎಸ್ ಮಟ್ಟವನ್ನು ಎನ್‌ಕ್ರಿಪ್ಟ್ ಅಂತ ಇಡಿ. ಸಾಸ್ಲ್ ಸೆಕ್ಯುರಿಟಿ ಆಪ್ಷನ್ಸ್ ಸಾಲಿನಲ್ಲಿ ನೋಅನಾನಿಮಸ್ ಒಂದನ್ನೇ ಉಳಿಸಿ. ಇದನ್ನು ಬದಲಿಸದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗದಿರಬಹುದು. ಉಬುಂಟುವಿನಲ್ಲಿ ಲಿಬ್‌ಸಾಸ್ಲ್2-ಮಾಡ್ಯೂಲ್ಸ್ ಅನ್ನುವ ಪ್ಯಾಕೇಜೂ ಇರಬೇಕು. ನನ್ನಲ್ಲಿ ಅದು ಇರಲಿಲ್ಲ. ಒಂದು ಸಂಜೆ ಅದಕ್ಕೇ ಹೋಯಿತು.

ಪಾಸ್‌ವರ್ಡ್ ಬೇರೆ ಫೈಲಿನಲ್ಲಿರುತ್ತದೆ. ಅದಕ್ಕೆ 600 ಅನುಮತಿ (ಫೈಲಿನ ಯಜಮಾನನೊಬ್ಬನೇ ಓದಿ ಬರೆಯಬಹುದು) ಕೊಡಿ, ಪೋಸ್ಟ್‌ಮ್ಯಾಪ್ ಓಡಿಸಿ, ಪೋಸ್ಟ್‌ಫಿಕ್ಸ್ ರಿಲೋಡ್ ಮಾಡಿ. ಜಿಮೇಲ್ ಆದರೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, 2022ರ ಮೇ 30ರಿಂದ ನಿಲ್ಲಿಸಿದ್ದಾರೆ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರದ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಆಮೇಲೆ ಪೋಸ್ಟ್‌ಕ್ಯೂ -ಎಫ್ ಹೊಡೆದರೆ ಸಾಲಿನಲ್ಲಿ ಕೂತವೆಲ್ಲ ಹೊರಡುತ್ತವೆ. ನನ್ನ ಫೋನ್ ಒಂದೇ ಸಮನೆ ಟಿಂಗ್ ಟಿಂಗ್ ಅಂದಿತು. ಎಲ್ಲದರಲ್ಲೂ ಒಂದೇ ಸುದ್ದಿ, ಡಿಸ್ಕಿನಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಬೇಡ, ಮೇಲ್ ಹೊರಗೆ ಹೋದರೆ ಸಾಕು ಅನ್ನುವವರಿಗೆ ಎಂಎಸ್‌ಎಂಟಿಪಿ ಅಂತ ಪುಟ್ಟ ಪ್ರೋಗ್ರಾಮ್ ಇದೆ. ಎಂಎಸ್‌ಎಂಟಿಪಿ-ಎಂಟಿಎ ಪ್ಯಾಕೇಜ್ ಹಾಕಿದರೆ ಅದೇ ಸೆಂಡ್‌ಮೇಲ್ ಆಗಿ ಕೂರುತ್ತದೆ. ಆದರೆ ಅದಕ್ಕೆ ಸಾಲು ಇಲ್ಲ. ಇಂಟರ್‌ನೆಟ್ ಇಲ್ಲದ ಹೊತ್ತಲ್ಲಿ ಕಳಿಸಿದ ಮೇಲನ್ನು ಇಟ್ಟುಕೊಂಡು ಮತ್ತೆ ಪ್ರಯತ್ನಿಸುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕೇಬಲ್ ಮೇಲೆ ವಾರಕ್ಕೊಂದು ಸಿಲ್ವರ್ ಓಕ್ ಕೊಂಬೆ ಬೀಳುತ್ತದೆ. ನನಗೆ ಪೋಸ್ಟ್‌ಫಿಕ್ಸೇ ಇರಲಿ.

ಈಗ ಪೈಪಿನ ಮೇಲಿನ ಅರ್ಧ, ಕ್ರಾನ್ ಕಡೆ.

ಕ್ರಾನ್ ಕೆಲಸವನ್ನು ಓಡಿಸಿತೋ ಇಲ್ಲವೋ ಅಂತ ಮೊದಲು ನೋಡಿ. ಜರ್ನಲ್‌ಸಿಟಿಎಲ್ -ಯು ಕ್ರಾನ್ ಹೊಡೆದರೆ ಪ್ರತಿ ಓಟಕ್ಕೂ ಒಂದು ಸಾಲು ಕಾಣುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಹೆಸರು ಕ್ರಾನ್‌ಡಿ. ಅಲ್ಲೇ 'ಎಂಟಿಎ ಇಲ್ಲ, ಔಟ್‌ಪುಟ್ ಬಿಸಾಡುತ್ತಿದ್ದೇನೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲು ಕಂಡರೆ, ನಿಮ್ಮ ಯಂತ್ರದಲ್ಲಿ ಮೇಲ್ ಸರ್ವರೇ ಇಲ್ಲ. ಹೊಸ ಉಬುಂಟುವಿನಲ್ಲಿ ಸಾಮಾನ್ಯವಾಗಿ ಇದೇ ಕಥೆ.

ಓಡಿದೆ, ಮೇಲ್ ಇಲ್ಲ ಅಂದರೆ ಕ್ರಾನ್‌ಟ್ಯಾಬ್ -ಎಲ್ ಹೊಡೆದು, ಕ್ರಾನ್ ಕೆಲಸಗಳ ಪಟ್ಟಿಯ ಸಾಲುಗಳನ್ನು ಓದಿ. ಮೇಲ್‌ಟು ಅನ್ನುವ ಸಾಲು, ದೊಡ್ಡಕ್ಷರದಲ್ಲಿ, ಇದೆಯಾ? ಅದರ ಮುಂದೆ ಖಾಲಿ ಉದ್ಧರಣ ಚಿಹ್ನೆ ಇದ್ದರೆ ಮೇಲ್ ಬೇಡ ಅಂತ ಅರ್ಥ. ಸಾಲೇ ಇಲ್ಲದಿದ್ದರೆ ಮೇಲ್ ಆ ಕ್ರಾನ್‌ಟ್ಯಾಬಿನ ಯಜಮಾನನಿಗೆ, ಅದೇ ಯಂತ್ರದೊಳಗೆ ಹೋಗುತ್ತದೆ. ರೂಟ್‌ನ, ಅಂದರೆ ಯಂತ್ರದ ಮುಖ್ಯ ಖಾತೆಯ, ಮೇಲ್‌ಗಳು ಹೊರಗೆ ಬರಬೇಕಾದರೆ ಇಟಿಸಿಯ ಏಲಿಯಾಸಸ್ ಫೈಲಿನಲ್ಲಿ ರೂಟ್ ಮುಂದೆ ನಿಮ್ಮ ವಿಳಾಸ ಬರೆದು ನ್ಯೂಏಲಿಯಾಸಸ್ ಓಡಿಸಿ.

ಆಮೇಲೆ ಸಾಲಿನ ಬಾಲ ನೋಡಿ. ನನ್ನ ಮಳೆ ಲೆಕ್ಕದ ಬಾಲ ಹೀಗಿತ್ತು:

> /ಡೆವ್/ನಲ್ 2>&1

ಎಲ್ಲ ಮಾತನ್ನೂ ಹೊಂಡಕ್ಕೆ ಹಾಕು ಅಂತ ಇದರ ಅರ್ಥ. ದಿನಾ ಮೇಲ್ ಬಂದು ಬೇಜಾರಾಗಿ ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಪೋಸ್ಟ್‌ಫಿಕ್ಸ್ ಸರಿ ಮಾಡಿದ ಮೇಲೂ ಮಳೆಯ ಮೇಲ್ ಬರದಿದ್ದಾಗ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಮಾಮೂಲಿ ಮಾತು ಬೇಡ, ತಪ್ಪಿನ ಮಾತು ಮಾತ್ರ ಬೇಕು ಅಂದರೆ 2>&1 ತೆಗೆದುಬಿಡಿ. ಇನ್ನೂ ಒಳ್ಳೆಯದು ಮೋರ್‌ಯುಟಿಲ್ಸ್ ಪ್ಯಾಕೇಜಿನ ಕ್ರಾನಿಕ್. ಆಜ್ಞೆಗೆ ಮೊದಲು ಅದನ್ನು ಬರೆದರೆ, ಕೆಲಸ ಗೆದ್ದಾಗ ಬಾಯಿ ಮುಚ್ಚಿಸುತ್ತದೆ, ಸೋತಾಗ ಪೂರ್ತಿ ಹೇಳಿಸುತ್ತದೆ. ಒಂದು ಷರತ್ತು: ಸೋತಾಗ ಸ್ಕ್ರಿಪ್ಟ್ ಸೊನ್ನೆ ಅಲ್ಲದ ಸಂಖ್ಯೆಯೊಂದಿಗೆ ಮುಗಿಯಬೇಕು.

ಅನುಮಾನ ಉಳಿದರೆ ಐದು ನಕ್ಷತ್ರ ಹಾಕಿ ಮುಂದೆ ಡೇಟ್ ಅಂತ ಬರೆದ ಒಂದು ಸಾಲು ಸೇರಿಸಿ. ನಿಮಿಷಕ್ಕೊಂದು ಮೇಲ್ ಬರಬೇಕು. ಬಂದ ಕೂಡಲೇ ಅಳಿಸಿ. ನಾನು ಅಳಿಸದೆ ಊಟಕ್ಕೆ ಹೋಗಿದ್ದೆ.

ಉಳಿದ ಸಣ್ಣಪುಟ್ಟ ಗುಂಡಿಗಳನ್ನು ಬೇಗ ಹೇಳಿಬಿಡುತ್ತೇನೆ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಬಂದರೆ ಅದು ಹೊಸ ಸಾಲು ಅಂತ ಲೆಕ್ಕ. ತಾರೀಖು ಇರುವ ಫೈಲ್ ಹೆಸರು ಬರೆಯುವವರು % ಚಿಹ್ನೆಗೆ ಮೊದಲು \ ಹಾಕಿ. ಕ್ರಾನ್‌ಗೆ ಗೊತ್ತಿರುವ ದಾರಿಗಳು ಕಡಿಮೆ, ಆದ್ದರಿಂದ ಆಜ್ಞೆಗಳಿಗೆ ಪೂರ್ತಿ ವಿಳಾಸ ಕೊಡಿ. ಕ್ರಾನ್.ಡೈಲಿ ಫೋಲ್ಡರಿಗೆ ಸ್ಕ್ರಿಪ್ಟ್ ಹಾಕುವುದಾದರೆ ಹೆಸರಿನಲ್ಲಿ ಚುಕ್ಕಿ ಇರಬಾರದು. ಕೊನೆಯಲ್ಲಿ .ಎಸ್‌ಎಚ್ ಇದ್ದರೆ ಉಬುಂಟು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ರನ್-ಪಾರ್ಟ್ಸ್ --ಟೆಸ್ಟ್ ಹೊಡೆದು ಫೋಲ್ಡರಿನ ಹೆಸರು ಕೊಟ್ಟರೆ ಯಾವುದು ಓಡುತ್ತದೆ ಅಂತ ತೋರಿಸುತ್ತದೆ. ಬಾಡಿಗೆ ಸರ್ವರ್ ಆದರೆ ಗಡಿಯಾರ ನೋಡಿ. ಅದು ಯುಟಿಸಿಯಲ್ಲಿದ್ದರೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿದ್ದರೆ, ನಿಮ್ಮ 2:30ರ ಕೆಲಸ ಇಲ್ಲಿ ಬೆಳಗ್ಗೆ 8 ಗಂಟೆಗೆ ಓಡುತ್ತದೆ.

ತಾರೀಖು ಮತ್ತು ವಾರ ಎರಡನ್ನೂ ಬರೆಯುವವರು ಜೋಪಾನ. ಆಗಸ್ಟ್ 3 ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮದ್ದು ಸೊಪ್ಪಿನ ಪಾಯಸದ ದಿನ. ಅದನ್ನು ನೆನಪಿಸಲು ನಾನು ಬರೆದ ಸಾಲಿನ ಶುರು 0 6 3 8 * ಅಂತ. ಅಂದರೆ 8ನೇ ತಿಂಗಳ 3ನೇ ತಾರೀಖು, ಬೆಳಗ್ಗೆ 6 ಗಂಟೆ 0 ನಿಮಿಷ, ವಾರ ಯಾವುದಾದರೂ ಸರಿ. ಒಂದು ವರ್ಷ ಆ ದಿನ ಭಾನುವಾರ ಬಂತು, ಪೂರ್ತಿ ಇರಲಿ ಅಂತ ಕೊನೆಯ ನಕ್ಷತ್ರದ ಜಾಗದಲ್ಲಿ 0, ಅಂದರೆ ಭಾನುವಾರ, ಹಾಕಿದೆ. ಎರಡನ್ನೂ ಕೊಟ್ಟರೆ ಕ್ರಾನ್ ಯಾವುದಾದರೂ ಒಂದು ಹೊಂದಿದರೂ ಸಾಕು ಅಂದುಕೊಳ್ಳುತ್ತದೆ. ಆ ಆಗಸ್ಟಿನ ಪ್ರತಿ ಭಾನುವಾರವೂ ಸೊಪ್ಪು ಕುಯ್ಯಲು ಮೇಲ್ ಬಂತು.

ಕರೆಂಟ್ ವಿಷಯ ಬೇರೆ. 2:30ಕ್ಕೆ ಡಬ್ಬ ಆಫ್ ಆಗಿದ್ದರೆ ಕ್ರಾನ್ ಆ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಓಡದ ಕೆಲಸಕ್ಕೆ ಮೇಲ್ ಎಲ್ಲಿಂದ? ದಿನಕ್ಕೊಮ್ಮೆಯ ಕೆಲಸವಾದರೆ ಅನಾಕ್ರಾನ್ ಬಳಸಿ, ಅದು ತಪ್ಪಿದ್ದನ್ನು ಯಂತ್ರ ಎದ್ದ ಮೇಲೆ ಓಡಿಸುತ್ತದೆ. ಸಿಸ್ಟಮ್‌ಡಿ ಟೈಮರಿನಲ್ಲಿ ಪರ್ಸಿಸ್ಟೆಂಟ್=ಟ್ರೂ (ಮೊದಲ ಪಿ ದೊಡ್ಡಕ್ಷರ) ಹಾಕಿದರೂ ಆಗುತ್ತದೆ. ಆದರೆ ಟೈಮರ್ ತಾನಾಗಿ ಮೇಲ್ ಕಳಿಸುವುದಿಲ್ಲ. ಆನ್‌ಫೇಲ್ಯೂರ್ ಸಾಲು (ಓ, ಎಫ್ ಎರಡೂ ದೊಡ್ಡಕ್ಷರ) ಹಾಕಿ, ಮೇಲ್ ಕಳಿಸುವ ಇನ್ನೊಂದು ಸರ್ವೀಸನ್ನು ನೀವೇ ಬರೆಯಬೇಕು.

ಇದೆಲ್ಲ ಸರಿಯಾದ ಮೇಲೆ ನಾನು ಒಂದು ಬದಲಾವಣೆ ಮಾಡಿದೆ. 'ಕೆಟ್ಟರೆ ಮಾತ್ರ ಮೇಲ್' ಅನ್ನುವುದನ್ನು ಕೈಬಿಟ್ಟೆ. ಈಗ ಬೆಳಗ್ಗೆ 6:10ಕ್ಕೆ ದಿನಾ ಒಂದೇ ಮೇಲ್ ಬರುತ್ತದೆ. ನಿನ್ನೆ ಬರೆದ ಮಳೆ ಎಷ್ಟು ಇಂಚು, ಎಷ್ಟು ಸೆಂಟು, ಕಾಪಿಯಾದ ಫೈಲ್‌ಗಳೆಷ್ಟು, ಡಿಸ್ಕಿನಲ್ಲಿ ಉಳಿದ ಜಾಗವೆಷ್ಟು, ಮೂರೇ ಸಾಲು. ಸಾಹುಕಾರರಿಗೂ ಒಂದು ಪ್ರತಿ ಹೋಗುತ್ತದೆ, ಅವರಿಗೆ ಮಳೆಯ ಸಾಲು ಮಾತ್ರ ಬೇಕು. ಮೊನ್ನೆ 6:25ಕ್ಕೆ ಅವರೇ ಫೋನ್ ಮಾಡಿದರು: 'ಏನಯ್ಯಾ, ನಿನ್ನ ಡಬ್ಬ ಇವತ್ತು ಮಳೆ ಹೇಳಲೇ ಇಲ್ಲ?' ಟಾರ್ಚ್ ಹಿಡಿದು ಸ್ಟೋರ್ ರೂಮಿಗೆ ಹೋದೆ. ಯುಪಿಎಸ್‌ನ ಪ್ಲಗ್ ಕಿತ್ತು ಯಾರೋ ಫೋನ್ ಚಾರ್ಜಿಗೆ ಹಾಕಿದ್ದರು.