ವಾಸನೆ ತಡೆಯದವಳ ಮನೆ: ಮುಂಬಯಿಯ ಮುಲುಂಡಿನಲ್ಲಿ ನಾನು ಮಾಡಿಕೊಂಡ ದಾರಿ

ಮೊದಲು ಬಟ್ಟೆ, ಆಮೇಲೆ ಉಳಿದದ್ದೆಲ್ಲ. ಸೆಂಟು, ಫಿನಾಯಿಲ್, ಸೋಪಿನ ಪುಡಿಯ ವಾಸನೆ ತಡೆಯದವರು ಮನೆ ಸರಿಮಾಡಿಕೊಳ್ಳಬೇಕಾದರೆ ಇದೇ ಕ್ರಮ ಅಂತ ನಾನು ಎಷ್ಟೋ ಜನಕ್ಕೆ ಹೇಳಿದೆ. ಯಾರೂ ಒಪ್ಪಲಿಲ್ಲ. ಅತ್ತೆಯವರು ಇದೆಲ್ಲ ಸುಮ್ನೆ ಮನಸ್ಸಿನದ್ದು ಅಂದರು. ಡಾಕ್ಟರೊಬ್ಬರು ಟೆನ್ಷನ್ ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಈಗ ವರ್ಷದ ಮೇಲಾಯಿತು, ಮನೆಯೊಳಗೆ ನನಗೆ ತಲೆನೋವು ಬರುವುದೇ ಅಪರೂಪ. ಮೊದಲು ವಾರದ ಅರ್ಧದಷ್ಟು ದಿನ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ದಾರಿ ಸಿಗುವ ಮೊದಲು ಹೋದ ದುಡ್ಡು ಸುಮಾರು 40 ಸಾವಿರ. ಏರ್ ಪ್ಯೂರಿಫೈಯರ್‌ಗೇ 14 ಸಾವಿರದ ಹತ್ತಿರ ಆಯಿತು. ಅದರೊಳಗಿನ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಸೆಂಟಿನ ಆವಿ ಅದರೊಳಗಿಂದ ಆರಾಮಾಗಿ ದಾಟಿ ಬರುತ್ತದೆ. ವಾಸನೆ ಹೀರಲೆಂದು ಜೊತೆಗಿದ್ದ ಇದ್ದಿಲಿನ ಹಾಳೆ ತೆಳ್ಳಗಿತ್ತು. ಕೆಲವೇ ವಾರಗಳಲ್ಲಿ ಅದರ ಕೆಲಸ ಮುಗಿಯಿತು. ಹೊಸ ಹಾಳೆಗೆ ಮತ್ತೆ 2,500. ಆಮೇಲೆ ವಾಸನೆ ಕಳೆಯಲು ಓಝೋನ್ ಅನಿಲ ಬಿಡುವ ಮೆಷಿನ್ ಬಂತು. ನಿಂಬೆ, ಕಿತ್ತಳೆ ಪರಿಮಳದ ಕ್ಲೀನರ್‌ಗಳಲ್ಲಿ ಲಿಮೊನೀನ್ ಅನ್ನುವ ಪರಿಮಳದ ವಸ್ತು ಇರುತ್ತದಲ್ವಾ, ಅದಕ್ಕೆ ಓಝೋನ್ ತಾಗಿದರೆ ಕಣ್ಣು, ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ ಹುಟ್ಟುತ್ತದೆ. ಓಝೋನ್ ತಾನೇ ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದು ರಾತ್ರಿ ಓಡಿಸಿದ್ದಕ್ಕೆ ವಾರವಿಡೀ ಗಂಟಲು ಉರಿಯಿತು. ಅರ್ಧ ಬೆಲೆಗೆ ವಾಪಸ್ ಕೊಟ್ಟೆವು. ಲ್ಯಾವೆಂಡರ್ ಎಣ್ಣೆ ಹಾಕಿದ 'ನ್ಯಾಚುರಲ್' ನೆಲದ ದ್ರಾವಣವೂ ಆಗಿಬರಲಿಲ್ಲ. ಗಿಡದಿಂದ ಬಂದ ಪರಿಮಳವೂ ಪರಿಮಳವೇ. 'ಅನ್‌ಸೆಂಟೆಡ್' ಅಂತ ಬರೆದ ಪುಡಿಗಳನ್ನೂ ನಂಬಬೇಡಿ. ಒಂದು ವಾಸನೆಯನ್ನು ಮುಚ್ಚಲು ಇನ್ನೊಂದನ್ನು ಹಾಕಿರುವುದು ಉಂಟು. ಹಿಂದಿನ ಸಣ್ಣ ಅಕ್ಷರದಲ್ಲಿ ಪರ್ಫ್ಯೂಮ್ ಅಂತ ಇದೆಯಾ ನೋಡಿ.

ಬಟ್ಟೆ ಯಾಕೆ ಮೊದಲು? ಇಡೀ ದಿನ ಮೈಮೇಲೆ ಇರುತ್ತದೆ, ರಾತ್ರಿ ದಿಂಬಿನ ಕವರಿಗೆ ಮೂಗು ತಾಗಿಕೊಂಡೇ ಇರುತ್ತದೆ. ಬಟ್ಟೆ ಮೆತ್ತಗೆ ಮಾಡುವ ಕಂಡೀಶನರ್‌ಗಳಲ್ಲಿ ಎಷ್ಟೋ ಸಲ ಸೆಂಟನ್ನು ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳಲ್ಲಿ ತುಂಬಿರುತ್ತಾರೆ. ಅವು ನೂಲಿಗೆ ಅಂಟಿ ಕೂರುತ್ತವೆ, ಉಜ್ಜಿದಾಗೆಲ್ಲ ಒಡೆಯುತ್ತವೆ. ಒಂದೆರಡು ಸಲ ಒಗೆದರೆ ಹೋಗುವಂಥದ್ದಲ್ಲ.

ನನ್ನ ಕೆಲಸ ಹಳಿಗೆ ಬಂದದ್ದು ಸ್ಟೀಲ್ ಡಬ್ಬಿಯಿಂದ. ವಾಸನೆಯಲ್ಲೇ ಇದ್ದರೆ ಮೂಗು ಸುಸ್ತಾಗುತ್ತದೆ, ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಒಗೆದು ಒಣಗಿದ ಬಟ್ಟೆಯನ್ನು ಖಾಲಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಬಿಸಿಲಿಗೆ ಇಡುತ್ತೇನೆ. ಅರ್ಧ ಗಂಟೆ ಕೆಳಗೆ ಮರದಡಿ ಓಡಾಡಿ ಬರುತ್ತೇನೆ. ಬಂದವಳೇ ಮುಚ್ಚಳ ತೆಗೆಯುತ್ತೇನೆ. ಬಿಸಿಗೆ ಆವಿ ಎದ್ದಿರುತ್ತದೆ, ಚೂರು ಉಳಿದಿದ್ದರೂ ಸಿಕ್ಕಿಬೀಳುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದು ತಾನೇ ವಾಸನೆ ಹೀರಿಕೊಳ್ಳುತ್ತದೆ. ತುಂಬ ಹೆಚ್ಚು ತೊಂದರೆ ಇರುವವರು, ಉಬ್ಬಸ ಇರುವವರು ಈ ಪರೀಕ್ಷೆಯನ್ನು ಬೇರೆಯವರ ಮೂಗಿನಿಂದ ಮಾಡಿಸಿ. ಇನ್ಹೇಲರ್ ಬಿಡುವ ಸಾಹಸವಂತೂ ಬೇಡವೇ ಬೇಡ.

ಡಬ್ಬಿ ಹೇಳಿದ ಮೊದಲ ಸತ್ಯ: ಅಪರಾಧಿ ವಾಷಿಂಗ್ ಮೆಷಿನ್. ಹೊಸ ಪುಡಿ ತಂದರೂ ವಾಸನೆ ಹೋಗದಿದ್ದದ್ದು ಅದಕ್ಕೇ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ, ಕಂಡೀಶನರ್ ಖಾನೆಯಲ್ಲಿ ಹಳೆಯ ಲೋಳೆ ಕೂತಿತ್ತು. ಖಾನೆ ಕಳಚಿ ಬ್ರಷ್ ಹಾಕಿ ತಿಕ್ಕಿದೆ. ಒಂದು ದಿನ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಬಿಸಿನೀರಿನಲ್ಲಿ ಖಾಲಿ ಓಡಿಸಿದೆ, ಇನ್ನೊಂದು ದಿನ ಬಟ್ಟೆ ಸೋಡಾ (ವಾಷಿಂಗ್ ಸೋಡಾ) ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬ್ಲೀಚ್ ಜೊತೆ ನಿಂಬೆ ಉಪ್ಪನ್ನು ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನ್ನುವ ವಿಷಗಾಳಿ ಬರುತ್ತದೆ. ಹೀಗೆ ಮೂರು-ನಾಲ್ಕು ಸುತ್ತು ಆದಮೇಲೆ ಹಳೆ ಪಂಚೆಯ ತುಂಡೊಂದು ಡಬ್ಬಿಯಲ್ಲಿ ಪಾಸಾಯಿತು. ಆ ದಿನದ ಖುಷಿ ನನಗಿನ್ನೂ ನೆನಪಿದೆ.

ಹಳೆ ಬಟ್ಟೆಗಳನ್ನು ಬಕೆಟಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಜಾಲಿಸಿ, ಬಿಸಿಲಿಗೆ ಹಾಕಿದೆ. ಹತ್ತಿ ಬಟ್ಟೆ ನಾಲ್ಕೈದು ಸುತ್ತಿಗೆ ದಾರಿಗೆ ಬಂತು. ಪಾಲಿಯೆಸ್ಟರ್ ಬರಲೇ ಇಲ್ಲ, ಒಂದು ಚೀಲ ತುಂಬ ಕೊಟ್ಟುಬಿಟ್ಟೆ. ರೇಷ್ಮೆಗೆ ಸೋಡಾ ಆಗುವುದಿಲ್ಲ, ನೂಲು ಹಾಳಾಗುತ್ತದೆ. ಅತ್ತೆಯವರ ಟ್ರಂಕಿನ ಸೀರೆಗಳಿಗೆ ನುಸಿಗುಳಿಗೆ ವಾಸನೆ ಹತ್ತಿತ್ತು. ನೆರಳಿನಲ್ಲಿ ಗಾಳಿಗೆ ಹಾಕಿ ಹಾಕಿ ಎರಡು ತಿಂಗಳೇ ಹಿಡಿಯಿತು.

ದಿನದ ಒಗೆತಕ್ಕೆ ಅಂಟುವಾಳ. ಮುಂಬಯಿಯಲ್ಲೇ ಇರುವ ಮಾಟುಂಗದ ಅಂಗಡಿಯಿಂದ ತರುತ್ತೇನೆ, ಕೇಳುವಾಗ ರೀಠಾ ಅನ್ನಬೇಕು. ಕಿಲೋಗೆ 200ರ ಆಸುಪಾಸು, ನಮ್ಮ ನಾಲ್ಕು ಜನಕ್ಕೆ ತಿಂಗಳಿಗೆ ಸಾಕು. ಬೀಜ ತೆಗೆದು ಸಿಪ್ಪೆ ಮಾತ್ರ ನೆನೆಸಿ ಕುದಿಸಿ ಸೋಸುವುದು ನಿಮಗೆ ಗೊತ್ತೇ ಇದೆ. ಆ ನೀರು ಮುಂಬಯಿ ಸೆಕೆಗೆ ಎರಡೇ ದಿನದಲ್ಲಿ ಹುಳಿಯುತ್ತದೆ. ನನ್ನದು ಫ್ರಿಜ್ ಇಲ್ಲದೆ ವಾರ ಇರುತ್ತದೆ. ಅದಕ್ಕೆ ಏನು ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಮನೆಯಲ್ಲಿ ಪರೀಕ್ಷೆ ಆಗಲಿ. ಒಂದು ಮಾತು: ಮುನಿಸಿಪಾಲಿಟಿಯ ಕೆರೆ ನೀರು ಮೆತ್ತಗಿದೆ, ಅಂಟುವಾಳ ಚೆನ್ನಾಗಿ ನೊರೆ ಬಿಡುತ್ತದೆ. ಟ್ಯಾಂಕರಿನ ಗಡಸು ನೀರು ಬಂದ ದಿನ ನೊರೆಯೇ ಇಲ್ಲ. ಆವತ್ತು ಅರ್ಧ ಚಮಚ ಸೋಡಾ ಮೊದಲೇ ನೀರಿಗೆ ಹಾಕಬೇಕು.

ಇನ್ನು ನಮ್ಮ ಬಿಲ್ಡಿಂಗಿನ ಕಾರಿಡಾರಿನ ಫಿನಾಯಿಲ್. ಬೆಳಿಗ್ಗೆ ಒರೆಸುವ ಹೊತ್ತಿಗೇ ನಾನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕುತ್ತಿದ್ದೆ. ಅದು ಒಳಗಿನ ಗಾಳಿಯನ್ನು ಹೊರಗೆ ದಬ್ಬಿದಷ್ಟೂ ಬಾಗಿಲಿನ ಸಂದಿಯಿಂದ ಫಿನಾಯಿಲ್ ಗಾಳಿ ಒಳಗೆ ಬರುತ್ತಿತ್ತು. ಈಗ ಆ ಅರ್ಧ ಗಂಟೆ ಎಕ್ಸಾಸ್ಟ್ ಬಂದ್. ಬಾಲ್ಕನಿ ಕಿಟಕಿಯಲ್ಲಿ ಟೇಬಲ್ ಫ್ಯಾನ್ ಒಳಮುಖ ಮಾಡಿ ಇಡುತ್ತೇನೆ. ಬಾಗಿಲ ಕೆಳಗೆ 200 ರೂಪಾಯಿಯ ರಬ್ಬರ್ ಪಟ್ಟಿ. ಸಂದಿಯ ಹತ್ತಿರ ತೆಳು ಕಾಗದ ಹಿಡಿದರೆ ಹೊರಗಡೆಗೆ ಬಾಗುತ್ತದೆ, ಅಲ್ಲಿಗೆ ಗೆದ್ದ ಹಾಗೆ. 14 ಸಾವಿರದ ಮೆಷಿನ್ ಮಾಡದ್ದನ್ನು ಇದು ಮಾಡಿತು. ಲಿಫ್ಟಿನ ರೂಮ್ ಫ್ರೆಶ್ನರ್ ತೆಗೆಸಿದ್ದೂ ನಾನೇ. ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಎದುರು ಸಿಕ್ಕಾಗ ಹೇಳುತ್ತೇನೆ.

ಕೆಲಸಕ್ಕೆ ಬರುವ ಮೌಶಿಗೆ ನನ್ನ ತೊಂದರೆ ಎಲ್ಲರಿಗಿಂತ ಬೇಗ ಅರ್ಥವಾಯಿತು. ಅವರ ಕೈಗೂ ಫಿನಾಯಿಲ್‌ನಿಂದ ತುರಿಕೆ ಇತ್ತು. ಅಂಟುವಾಳದ ನೀರು ಒಂದು ಬಾಟಲಿ ಅವರ ಮನೆಗೂ ಹೋಗುತ್ತದೆ. ನಮ್ಮ ನೆಲಕ್ಕೆ ಬಿಸಿನೀರು, ಚೂರು ಸೋಡಾ, ಅಷ್ಟೇ.

ದೇವರ ಕೋಣೆಯಲ್ಲಿ ಊದುಬತ್ತಿ ಬಿಟ್ಟು ತುಪ್ಪದ ದೀಪ. ಮಲ್ಲಿಗೆ ನನಗೆ ಆಗುವುದಿಲ್ಲ ಅಂದಾಗ ಅತ್ತೆಯವರಿಗೆ ತುಂಬ ಬೇಜಾರಾಗಿತ್ತು. ಅಬ್ಬಲಿಗೆಗೆ ಪರಿಮಳವೇ ಇಲ್ಲವಲ್ಲ! ಮಾಟುಂಗದಲ್ಲಿ ಮೊಳದ ಲೆಕ್ಕದಲ್ಲಿ ಸಿಗುತ್ತದೆ. ಈಗ ಚೌತಿಗೂ ಅದೇ ಮಾಲೆ. ಕಟ್ಟುವುದು ಅತ್ತೆಯವರೇ.

ಲೋಕಲ್ ಟ್ರೈನಿಗೆ ಬರೀ ಎನ್-95 ಸಾಲದು, ಇದ್ದಿಲ ಪದರ ಇರುವ ಮಾಸ್ಕ್ ಬೇಕು. ಹಾಕಿಲ್ಲದಾಗ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಜಾಸ್ತಿ ದಿನ ಬರುತ್ತದೆ. ಮಳೆಗಾಲ ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಬಿಸಿಲಿಲ್ಲ, ಬಟ್ಟೆಗೆ ಮುಗ್ಗಲು ವಾಸನೆ. ಎರಡು ಸಲ ಸ್ಪಿನ್ ಮಾಡಿ ಫ್ಯಾನಿನಡಿ ಬಿಡಿಬಿಡಿಯಾಗಿ ಹರಡಿದರೆ ಪರವಾಗಿಲ್ಲ. 600 ಕೊಟ್ಟು ತಂದ ಇದ್ದಿಲ ಚೀಲಗಳು ಕೋಣೆಗೆ ಏನೂ ಮಾಡಲಿಲ್ಲ, ಮುಚ್ಚಿದ ಕಪಾಟಿನಲ್ಲಿ ಮಾತ್ರ ಸ್ವಲ್ಪ ಕೆಲಸ ಮಾಡುತ್ತವೆ. ಈ ಜೂನ್‌ನಿಂದ ಟವೆಲುಗಳ ಮೇಲೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪ್ರಯೋಗ ನಡೆದಿದೆ. ತಣ್ಣೀರಿನಲ್ಲಿ ಹಾಕಿದ್ದು ದಂಡ, ಕೈ ತಾಳುವಷ್ಟು ಬಿಸಿ ಇದ್ದರೆ ಮುಗ್ಗಲು ಅರ್ಧಕ್ಕಿಂತ ಜಾಸ್ತಿ ಇಳಿಯುತ್ತಿದೆ.