ಕಾರ್ಪೆಟ್‌ಗೆ ಡ್ರೈ ಕಾಂಪೌಂಡ್ ಹಾಕುವ ಕೆಲಸ: ನನ್ನ ಅನುಭವ

ಕಾರ್ಪೆಟ್ಟನ್ನು ನೀರಿನಿಂದ ತೊಳೆಯದೆ ಸ್ವಚ್ಛಗೊಳಿಸಲು ಬಳಸುವ ಪುಡಿಗೆ ಡ್ರೈ ಕಾಂಪೌಂಡ್ ಎಂಬ ಹೆಸರಿದ್ದರೂ ಅದು ಪೂರ್ತಿ ಒಣಗಿದ ಪುಡಿಯಲ್ಲ. ಮರದ ನುಣ್ಣನೆಯ ಹೊಟ್ಟು, ಮೆಕ್ಕೆಜೋಳದ ದಿಂಡಿನ ಪುಡಿ, ಸೆಲ್ಯುಲೋಸ್ ಮುಂತಾದ ಹೀರುವ ಗುಣವುಳ್ಳ ಕಣಗಳಿಗೆ ನೀರು, ಡಿಟರ್ಜೆಂಟ್ ಮತ್ತು ಅಲ್ಪ ಪ್ರಮಾಣದ ದ್ರಾವಕವನ್ನು ಉಣಿಸಿ ಅದನ್ನು ತಯಾರಿಸಿರುತ್ತಾರೆ. ದ್ರಾವಕವು ಜಿಡ್ಡನ್ನು ಬಿಡಿಸುತ್ತದೆ, ಡಿಟರ್ಜೆಂಟ್ ಬೆರೆತ ನೀರು ಉಳಿದ ಕೊಳೆಯನ್ನು ಕರಗಿಸುತ್ತದೆ, ಹೀಗೆ ಸಡಿಲವಾದದ್ದನ್ನು ಕಣಗಳು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಆದ್ದರಿಂದ ಪುಡಿಯಲ್ಲಿ ತೇವ ಇರಲೇಬೇಕು. ಹಿಡಿಯಲ್ಲಿ ಒತ್ತಿದಾಗ ಅಂಗೈಗೆ ತಂಪು ತಿಳಿಯಬೇಕು, ಹನಿ ಮಾತ್ರ ಇಳಿಯಬಾರದು. ಮುಚ್ಚಳ ಸಡಿಲವಾಗಿದ್ದ ಡಬ್ಬಿಯ ಪುಡಿ ಒಣಗಿ ಹಗುರಾಗಿದ್ದರೆ ನಾನು ಅದನ್ನು ಬಳಸುವುದಿಲ್ಲ. ಅಂತಹ ಪುಡಿ ಕೊಳೆಯ ಮೇಲೆ ಸುಮ್ಮನೆ ಹೊರಳಾಡಿ ಬರುತ್ತದೆಯೇ ಹೊರತು ಏನನ್ನೂ ಹೀರುವುದಿಲ್ಲ.

ಈ ವಿಧಾನದ ಯಶಸ್ಸು ಪುಡಿ ಹಾಕುವುದಕ್ಕೂ ಮೊದಲೇ ನಿರ್ಧಾರವಾಗುತ್ತದೆ ಎಂಬುದು ನಾನು ಕೆಲಸದಿಂದಲೇ ಕಲಿತ ಮಾತು. ಕಾರ್ಪೆಟ್‌ನಲ್ಲಿರುವ ಕೊಳೆಯ ದೊಡ್ಡ ಪಾಲು ಮರಳು, ಧೂಳು, ಕೂದಲು, ನೂಲಿನ ಚೂರುಗಳಂತಹ ಒಣ ಪದಾರ್ಥ. ಅದನ್ನು ತೆಗೆಯದೆ ಪುಡಿ ಹಾಕಿದರೆ, ಎಳೆಗೆ ಅಂಟಿದ ಜಿಡ್ಡನ್ನು ಹೀರಬೇಕಾದ ತೇವವನ್ನು ಧೂಳೇ ಕುಡಿದುಬಿಡುತ್ತದೆ. ಹಾಗಾಗಿ ಸುತ್ತುವ ಬ್ರಷ್ ಇರುವ ವ್ಯಾಕ್ಯೂಮ್ ಯಂತ್ರವನ್ನು ಮೊದಲು ಉದ್ದಕ್ಕೂ ನಂತರ ಅಡ್ಡಕ್ಕೂ ನಿಧಾನವಾಗಿ ಓಡಿಸುತ್ತೇನೆ, ಬಾಗಿಲ ಬಳಿ ಮತ್ತು ಜನ ಹೆಚ್ಚು ಓಡಾಡುವ ದಾರಿಯಲ್ಲಿ ನಾಲ್ಕೈದು ಬಾರಿ ಹಿಂದೆ ಮುಂದೆ ಎಳೆಯುತ್ತೇನೆ. ಒಟ್ಟು ಸಮಯದ ಹೆಚ್ಚು ಭಾಗ ಇಲ್ಲಿಯೇ ಕಳೆಯುತ್ತದೆ, ಅದು ವ್ಯರ್ಥವೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಬಣ್ಣ ಬಿಡುತ್ತದೆಯೇ ಎಂಬುದನ್ನು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಸ್ವಲ್ಪ ಪುಡಿ ಉಜ್ಜಿ, ಬಿಳಿ ಬಟ್ಟೆ ಒತ್ತಿ ನೋಡಿಕೊಳ್ಳುತ್ತೇನೆ. ಜಿಡ್ಡುಗಟ್ಟಿದ ದಾರಿಗಳಿಗೆ ಪ್ರೀಸ್ಪ್ರೇಯನ್ನು, ಅಂದರೆ ಪುಡಿ ಹಾಕುವ ಮುನ್ನ ಕೊಳೆಯನ್ನು ಸಡಿಲಿಸುವ ದ್ರಾವಣವನ್ನು, ಮಂಜಿನಷ್ಟು ತೆಳುವಾಗಿ ಸಿಂಪಡಿಸುತ್ತೇನೆ, ಕಲೆಗಳನ್ನು ಒಂದೊಂದಾಗಿ ಬೇರೆಯೇ ನೋಡಿಕೊಳ್ಳುತ್ತೇನೆ.

ಪುಡಿ ಹರಡುವಾಗ ಕೈ ಬಿಗಿ ಹಿಡಿಯುವುದು ಎಲ್ಲಕ್ಕಿಂತ ಕಷ್ಟದ ಅಭ್ಯಾಸ. ಆರಂಭದ ದಿನಗಳಲ್ಲಿ, ಗಾಢ ನೀಲಿ ಬಣ್ಣದ ಕಾರ್ಪೆಟ್ ಹಾಸಿದ್ದ ಒಂದು ಸಭಾಂಗಣದಲ್ಲಿ, ಹೆಚ್ಚು ಪುಡಿ ಹಾಕಿದರೆ ಹೆಚ್ಚು ಸ್ವಚ್ಛವಾಗುತ್ತದೆ ಎಂದು ನಂಬಿ ನೆಲವೇ ಕಾಣದಷ್ಟು ಸುರಿದಿದ್ದೆ. ಯಂತ್ರದ ಬ್ರಷ್ ಅಷ್ಟನ್ನೂ ಎಳೆಗಳ ಬುಡಕ್ಕೆ ತುರುಕಿತು. ಮರುದಿನ ಜನ ನಡೆದಲ್ಲೆಲ್ಲ ಬಿಳಿಚಿದ ಪುಡಿ ಮೇಲೆದ್ದಿತ್ತು, ಅದನ್ನು ಪೂರ್ತಿ ತೆಗೆಯಲು ನಾನು ಮೂರು ಬಾರಿ ಹಿಂತಿರುಗಿ ಹೋಗಬೇಕಾಯಿತು. ಈಗ ಡಬ್ಬಿಯ ಮೇಲಿನ ಸೂಚನೆಯನ್ನು ಓದಿ, ತೂಗಿ ತೆಗೆದುಕೊಳ್ಳುತ್ತೇನೆ. ನನ್ನ ಕೈಯಲ್ಲಿ ಸಾಮಾನ್ಯ ಕೊಳೆಯ ಕಾರ್ಪೆಟ್‌ಗೆ ಚದರ ಮೀಟರಿಗೆ ಸುಮಾರು 100 ಗ್ರಾಂ ಸಾಕಾಗುತ್ತದೆ. ಬೀಜ ಎರಚುವವರಂತೆ ಮಣಿಕಟ್ಟನ್ನು ಬೀಸಿ, ಪುಡಿಯ ನಡುವೆ ಕಾರ್ಪೆಟ್‌ನ ಬಣ್ಣ ಕಾಣುವಷ್ಟು ತೆಳುವಾಗಿ ಹರಡುತ್ತೇನೆ. ಇಡೀ ಕೋಣೆಗೆ ಒಮ್ಮೆಲೇ ಹರಡದೆ, ಬ್ರಷ್ ಮಾಡಿ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಹಾಕುತ್ತೇನೆ, ಏಕೆಂದರೆ ಕಾಯುತ್ತ ಬಿದ್ದಿರುವ ಪುಡಿಯ ತೇವ ಗಾಳಿಗೆ ಹಾರಿಹೋಗುತ್ತದೆ.

ಎರಡು ಉರುಳೆ ಬ್ರಷ್‌ಗಳು ಎದುರುಬದುರು ತಿರುಗುವ ಯಂತ್ರವು ಎಳೆಗಳನ್ನು ಎಬ್ಬಿಸಿ ಅವುಗಳ ಎಲ್ಲ ಬದಿಗಳಿಗೂ ಪುಡಿಯನ್ನು ತಾಗಿಸುತ್ತದೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ನಡಿಗೆಗಿಂತ ನಿಧಾನವಾಗಿ ಓಡಿಸುತ್ತೇನೆ. ಗೋಡೆಯಂಚಿನಲ್ಲಿ ಕೈಬ್ರಷ್ ಹಿಡಿದು ಮಂಡಿಯೂರುವುದನ್ನು ತಪ್ಪಿಸಲಾಗದು. ಉದ್ದನೆಯ ಸಡಿಲ ಎಳೆಗಳ ಶ್ಯಾಗ್ ಕಾರ್ಪೆಟ್‌ಗೆ ಈ ವಿಧಾನವನ್ನು ನಾನು ಬಳಸುವುದಿಲ್ಲ: ಎಳೆಗಳು ಬ್ರಷ್‌ಗೆ ಸುತ್ತಿಕೊಳ್ಳುತ್ತವೆ, ಒಳಗೆ ಇಳಿದ ಪುಡಿ ಹೊರಬರುವುದಿಲ್ಲ. ಹೆಚ್ಚು ನೀರು ಬಿದ್ದರೆ ಕಂದುಗಟ್ಟುವ ಅಥವಾ ಕುಗ್ಗುವ ಸಿಸಾಲ್ (ಕತ್ತಾಳೆ ಜಾತಿಯ ಗಿಡದ ನಾರು), ಸೆಣಬಿನ ಹಾಸುಗಳಿಗಾದರೋ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಸಿಕ್ಕಿಲ್ಲ. ಸಾಕುಪ್ರಾಣಿಯ ಮೂತ್ರ ಕೆಳಪದರದವರೆಗೆ ಇಳಿದಿದ್ದರೆ ಪುಡಿ ಅಲ್ಲಿಗೆ ತಲುಪುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಬ್ರಷ್ ಮಾಡಿದ ಬಳಿಕ ಅರ್ಧ ಗಂಟೆಯಾದರೂ ಬಿಡಬೇಕು, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ತೇವವಿರುವಾಗಲೇ ವ್ಯಾಕ್ಯೂಮ್ ಮಾಡಿದರೆ ಪುಡಿ ಎಳೆಗೆ ಅಂಟಿಕೊಂಡು ಉಳಿಯುತ್ತದೆ. ಬೆರಳಿಗೆ ಒಣಗಿ ಉದುರುವಂತಿದೆ ಎಂದು ತಿಳಿದ ಮೇಲೆ, ಖಾಲಿ ಚೀಲ ಮತ್ತು ಸ್ವಚ್ಛವಾದ ಫಿಲ್ಟರ್ ಹಾಕಿದ ಯಂತ್ರದಿಂದ ಮತ್ತೆ ಎರಡೂ ದಿಕ್ಕಿಗೆ ಎಳೆಯುತ್ತೇನೆ. ನುಣ್ಣನೆಯ ಕಣಗಳು ಚೀಲದ ರಂಧ್ರಗಳನ್ನು ಬೇಗ ಮುಚ್ಚುವುದರಿಂದ ಚೀಲ ಅರ್ಧ ತುಂಬುವ ಮುನ್ನವೇ ಸೆಳೆತ ಕುಗ್ಗುತ್ತದೆ, ಆಗಲೇ ಬದಲಾಯಿಸುತ್ತೇನೆ. ಇಷ್ಟಾದರೂ ಬುಡದಲ್ಲಿ ಅಲ್ಪಸ್ವಲ್ಪ ಪುಡಿ ಉಳಿದೇ ಇರುತ್ತದೆ, ಮುಂದಿನ ಎರಡು ಮೂರು ಬಾರಿಯ ವ್ಯಾಕ್ಯೂಮ್‌ನಲ್ಲಿ ಅದು ಹೊರಬರುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸಿ, ಪೀಠೋಪಕರಣಗಳನ್ನು ಅವುಗಳ ಜಾಗಕ್ಕೆ ಸರಿಸಿ, ಅವರು ಕೂಡಲೇ ನಡೆದಾಡಬಹುದಾದ ಕೋಣೆಯನ್ನು ಒಪ್ಪಿಸುತ್ತೇನೆ.