ಬಾಡಿಗೆ ಹಾಲ್ ಬಿಟ್ಟೆ, ಹೊಲದಲ್ಲೇ ಒಲೆ ಹಚ್ಚಿದೆ: ನಮ್ಮ ನವೆಂಬರ್ ಕ್ಯಾರವಾನ್ ರ‍್ಯಾಲಿ

ಕಳೆದ ನವೆಂಬರಿನ ನಮ್ಮ ರ‍್ಯಾಲಿಗೆ 22 ಗಾಡಿ ಬಂದವು. ಗಾಡಿ ಅಂದರೆ ಕ್ಯಾರವಾನ್, ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ; ಅಂಥವರೆಲ್ಲ ವಾರಾಂತ್ಯಕ್ಕೆ ಒಂದೆಡೆ ಸೇರೋದೇ ರ‍್ಯಾಲಿ. ಕರೆಂಟ್ ಇಲ್ಲ, ಹಾಲ್ ಇಲ್ಲ, ಹಾಡೋರಿಲ್ಲ. ಇಂಗ್ಲೆಂಡಿನ ಡರ್ಬಿಷೈರಿನ ಒಬ್ಬ ರೈತರ ಹುಲ್ಲುಗಾವಲು, ನಡುವೆ ಎರಡು ಪಾತ್ರೆ ಬಿಸಿಬೇಳೆಬಾತ್, ಅಷ್ಟೇ. ಚಳಿಯಲ್ಲಿ ಯಾರೂ ಗಾಡಿ ಬಾಗಿಲು ತೆಗೆದು ಹೊರಗೆ ಬರಲ್ಲ ಅಂತ ಗುಂಪಿನಲ್ಲಿ ರ‍್ಯಾಲಿ ನಡೆಸುವ ಹಳೆಯ ಮಾರ್ಷಲ್‌ಗಳು ಎರಡು ವರ್ಷ ಹೇಳುತ್ತಲೇ ಇದ್ದರು. ಬಂದರು. ರಾತ್ರಿ ಹತ್ತರವರೆಗೂ ಒಳಗೆ ಹೋಗಲಿಲ್ಲ.

ಗಾಡಿ ಎಳೆಯೋದು, ನೀರು ತುಂಬೋದು, ಟಾಯ್ಲೆಟ್ ಡಬ್ಬ ಖಾಲಿ ಮಾಡೋದು, ಇದನ್ನೆಲ್ಲ ಇಲ್ಲಿ ಬಿಡುತ್ತೇನೆ. ದುಡ್ಡು ಎಲ್ಲಿ ಹೋಯಿತು ಅನ್ನೋದರಿಂದ ಶುರು ಮಾಡುತ್ತೇನೆ.

ನಾನು ಮೊದಲು ಮಾರ್ಷಲ್ ಆಗಿದ್ದು 2022ರ ಅಕ್ಟೋಬರಿನಲ್ಲಿ. 14 ಗಾಡಿ. ಎಲ್ಲರೂ ಮಾಡುವ ಹಾಗೆ ಹಳ್ಳಿಯ ಹಾಲ್ ಎರಡು ಸಂಜೆಗೆ ಹಿಡಿದೆ, ಸುಮಾರು 140 ಪೌಂಡ್. ಹಾಡುವವರಿಗೆ 180. ರೈತರಿಗೆ ಗಾಡಿಗೆ ರಾತ್ರಿಗೆ 5ರ ಲೆಕ್ಕದಲ್ಲಿ 140. ನಾನು ತೆಗೆದುಕೊಂಡ ಶುಲ್ಕ ಗಾಡಿಗೆ ರಾತ್ರಿಗೆ 9. ಲೆಕ್ಕ ಹಾಕಿ ನೋಡಿ, 200 ಪೌಂಡ್ ಮೇಲೆ ಹೋಯಿತು. ಅದಕ್ಕಿಂತ ಬೇಜಾರಾಗಿದ್ದು ಬೇರೆ. ಶುಕ್ರವಾರ ಸಂಜೆ ಬಂದವರು ಜಾಕ್ ಇಳಿಸಿ, ಹೀಟರ್ ಹಾಕಿ, ಪರದೆ ಎಳೆದು ಕೂತರು. ಶನಿವಾರ ರಾತ್ರಿ ಹಾಲ್‌ನಲ್ಲಿ ತಮ್ಮ ತಮ್ಮ ಹಳೇ ಸ್ನೇಹಿತರ ಮೇಜಿಗೆ ಹೋದರು. ಭಾನುವಾರ ಕಾಫಿ ಕುಡಿದು ಹೊರಟರು. ಮೊದಲ ಸಲ ಬಂದಿದ್ದ ಮೂರು ಕುಟುಂಬ ಮತ್ತೆ ಬರಲೇ ಇಲ್ಲ.

ಅದು ನನ್ನನ್ನು ಕೊರೆಯಿತು. ಯಾಕೆಂದರೆ ನಾನೂ ಹಾಗೆ ಬಂದವನೇ. 2021ರ ಡಿಸೆಂಬರಿನಲ್ಲಿ ಇಲ್ಲಿ ನಿಯಮ ಬದಲಾಯಿತಲ್ಲ, 1997ರಿಂದ ಈಚೆಗೆ ಲೈಸೆನ್ಸ್ ತೆಗೆದುಕೊಂಡವರೂ ಬೇರೆ ಪರೀಕ್ಷೆ ಇಲ್ಲದೆ 3,500 ಕೆಜಿವರೆಗಿನ ಗಾಡಿ ಎಳೆಯಬಹುದು ಅಂತ, ಆಮೇಲೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಬರತೊಡಗಿದವು. ಅವರಿಗೆ ಗುಂಪಿನಲ್ಲಿ ಯಾರ ಪರಿಚಯವೂ ಇರುವುದಿಲ್ಲ. ಮೊದಲ ಸಂಜೆಯೇ ಯಾರಾದರೂ ಮಾತಾಡಿಸಬೇಕು, ಶನಿವಾರದವರೆಗೆ ಕಾದರೆ ತಡವಾಯಿತು. ಎಲ್ಲರೂ ಒಂದೊಂದು ತಿಂಡಿ ತನ್ನಿ ಅಂತ ಮುಂದಿನ ವಸಂತದಲ್ಲಿ ಹೇಳಿ ನೋಡಿದೆ. ಹನ್ನೊಂದು ಗಾಡಿಯಿಂದ ಏಳು ಪೊಟ್ಟಣ ಕ್ರಿಸ್ಪ್ಸ್ (ಆಲೂಗಡ್ಡೆ ಚಿಪ್ಸ್) ಬಂತು.

ಹಾಗಾಗಿ ಶುಕ್ರವಾರದ ಊಟ ನಾನೇ ಮಾಡುತ್ತೇನೆ ಅಂದೆ. 2023ರ ನವೆಂಬರ್. ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. ದೊಡ್ಡ ರಿಂಗ್ ಒಲೆಗೆ ಗಾಡಿಯಲ್ಲಿದ್ದ ನೀಲಿ ಸಿಲಿಂಡರ್ ಹಾಕಿದೆ, ಅಂದರೆ ಬ್ಯೂಟೇನ್. ಹೊರಗೆ ಎರಡು ಮೂರು ಡಿಗ್ರಿ. ಬ್ಯೂಟೇನ್ ಸೊನ್ನೆಯ ಹತ್ತಿರ ಆವಿಯಾಗೋದೇ ನಿಲ್ಲುತ್ತದೆ, ಮೇಲಾಗಿ ಗ್ಯಾಸ್ ಎಳೆದಷ್ಟೂ ಸಿಲಿಂಡರ್ ಇನ್ನೂ ತಣ್ಣಗಾಗುತ್ತದೆ. ಅರ್ಧ ಗಂಟೆಯಲ್ಲಿ ಸಿಲಿಂಡರಿನ ಹೊಟ್ಟೆಗೆ ಬಿಳಿ ಮಂಜು ಕಟ್ಟಿತು, ಉರಿ ದೀಪದಷ್ಟಾಯಿತು. ಬೇಳೆ ಕಾಳುಕಾಳಾಗಿ ಹಾಗೇ ನಿಂತಿತು. ಅವತ್ತು ಎಲ್ಲರಿಗೂ ಬ್ರೆಡ್ಡು, ಚೀಸು. ಈಗ ಚಳಿಯಲ್ಲೂ ಆವಿಯಾಗುವ ಪ್ರೊಪೇನ್, 13 ಕೆಜಿಯ ಕೆಂಪು ಸಿಲಿಂಡರ್ ಇಟ್ಟಿದ್ದೇನೆ. ಅದಕ್ಕೆ ಬೇರೆ ಥರದ ರೆಗ್ಯುಲೇಟರ್ ಬೇಕು, ಮರೆಯಬೇಡಿ. ಬೇಳೆಯನ್ನು ಮನೆಯಲ್ಲೇ ಬೇಯಿಸಿ ಒಯ್ಯುತ್ತೇನೆ. ನಲವತ್ತು ಜನಕ್ಕೆ ಅಕ್ಕಿ 3 ಕೆಜಿ, ತೊಗರಿಬೇಳೆ 2 ಕೆಜಿ ಹತ್ತಿರ. ತುಪ್ಪ ಬೇರೆ ಬಟ್ಟಲಲ್ಲಿ. ಬೂಂದಿ ಬದಲು ಅದೇ ಕ್ರಿಸ್ಪ್ಸ್, ಚೆನ್ನಾಗಿ ಹೊಂದುತ್ತದೆ. ಪುಡಿಯ ಅಳತೆ ಮಾತ್ರ ಕೇಳಬೇಡಿ, ಅದು ನಮ್ಮತ್ತೆಯವರದ್ದು.

ಇನ್ನು ಗಾಡಿ ನಿಲ್ಲಿಸೋದು. ಬೇಲಿಗುಂಟ ಸಾಲಾಗಿ ನಿಲ್ಲಿಸಿದರೆ ಪ್ರತಿಯೊಬ್ಬರೂ ಪಕ್ಕದ ಗಾಡಿಯ ಹಿಂಬದಿ ನೋಡುತ್ತಾ ಕೂರುತ್ತಾರೆ. ನಾನು ಕಳೆದ ನವೆಂಬರಿನಲ್ಲಿ ಕುದುರೆ ಲಾಳದ ಆಕಾರದಲ್ಲಿ ನಿಲ್ಲಿಸಿದೆ, ಗಾಡಿ ಗಾಡಿ ನಡುವೆ 6 ಮೀಟರ್ ಅಂತರ ಬಿಟ್ಟೇ. ಬ್ರಿಟಿಷ್ ಕ್ಯಾರವಾನಿನ ಬಾಗಿಲು ಎಡಗಡೆ. ಹಾಗಾಗಿ ಹೊಲದೊಳಗೆ ಬಂದವರನ್ನು ಅಪ್ರದಕ್ಷಿಣೆಯಾಗಿ ಸುತ್ತಿಸಬೇಕು, ದೇವಸ್ಥಾನದಲ್ಲಿ ಸುತ್ತುವುದಕ್ಕೆ ಉಲ್ಟಾ. ಆಗ ಎಲ್ಲಾ ಬಾಗಿಲೂ ಒಲೆಯ ಕಡೆ ತೆರೆಯುತ್ತವೆ. ಯುರೋಪಿನಿಂದ ತಂದ ಗಾಡಿಗಳ ಬಾಗಿಲು ಬಲಕ್ಕೆ, ಅವನ್ನು ಲಾಳದ ತುದಿಯಲ್ಲಿ ತಿರುಗಿಸಿ ನಿಲ್ಲಿಸಿದೆ. ಹೊಸಬರನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತೇನೆ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಗುಂಪಿನವರೂ ಓದುತ್ತಾರೆ.

ಒಗ್ಗರಣೆ ಹಾಕಿದ್ದು ಆರೂವರೆಗೆ. ಸಾಸಿವೆ, ಇಂಗು, ಕರಿಬೇವು ಚಟಪಟ ಅಂದಿದ್ದೇ ತಡ, ಎದುರಿನ ಗಾಡಿಯ ಬಾಗಿಲು ತೆರೆಯಿತು. ಒಬ್ಬ ಅಜ್ಜಿ ಕೋಟು ಹಾಕಿಕೊಂಡು, ಕೈಯಲ್ಲಿ ಬಟ್ಟಲು ಹಿಡಿದೇ ಬಂದರು. ಅವರ ಹಿಂದೆ ಪಕ್ಕದ ಗಾಡಿಯ ಇಬ್ಬರು ಮಕ್ಕಳು. ಹತ್ತು ನಿಮಿಷದಲ್ಲಿ ಸಾಲು ನಿಂತಿತ್ತು. ಸೌಟನ್ನು ಮೊದಲ ಸಲ ಬಂದ ಹುಡುಗನೊಬ್ಬನ ಕೈಗೆ ಕೊಟ್ಟೆ. ಬಡಿಸುತ್ತಾ ಬಡಿಸುತ್ತಾ ಅವನಿಗೆ 22 ಗಾಡಿಯವರ ಹೆಸರೂ ಗೊತ್ತಾಯಿತು.

ಹೊಲದಲ್ಲಿ ಕರೆಂಟ್ ಇಲ್ಲವಲ್ಲ, ನಡುವೆ ಇನ್ನೊಂದು ಪ್ರಯೋಗ ಮಾಡಿದೆ, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ನವೆಂಬರಿನ ಬಿಸಿಲಿಗೆ 100 ವಾಟ್ ಸೋಲಾರ್ ಪ್ಯಾನೆಲ್ ಮಲಗಿಸಿಟ್ಟರೆ ಮಧ್ಯಾಹ್ನ 1 ಆಂಪ್ ಬರುವುದೂ ಕಷ್ಟ. ಅದನ್ನೇ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದೆ, ಎರಡೂವರೆ ಆಂಪ್ ಹತ್ತಿರ ಬಂತು. 110 ಆಂಪ್-ಅವರ್ ಬ್ಯಾಟರಿ ಎರಡು ರಾತ್ರಿ ಹೀಟರಿನ ಫ್ಯಾನ್ ಓಡಿಸಿಯೂ ಉಳಿಯಿತು. ಅದನ್ನು ನೋಡಿ ಇಬ್ಬರು ಜನರೇಟರ್ ಆಫ್ ಮಾಡಿದರು.

ಲೆಕ್ಕ: ರಾತ್ರಿಗೆ 10ರಂತೆ 440 ಬಂತು. ಹೊಲಕ್ಕೆ 220, ದಿನಸಿ ಮತ್ತು ಗ್ಯಾಸಿಗೆ 90 ಚಿಲ್ಲರೆ. 130ರ ಹತ್ತಿರ ಉಳಿಯಿತು, ರ‍್ಯಾಫಲ್ (ಚೀಟಿ ಎತ್ತುವ ಲಾಟರಿ) ದುಡ್ಡು ಬೇರೆ. ಆಗೋದೇ ಇಲ್ಲ ಅಂದಿದ್ದ ಮಾರ್ಷಲ್ ಒಬ್ಬರು ಭಾನುವಾರ ಕಾಫಿಯ ಹೊತ್ತಿಗೆ ಬಂದು, ತಮ್ಮ ಏಪ್ರಿಲ್ ರ‍್ಯಾಲಿಗೆ ಒಲೆ ತರುತ್ತೀರಾ ಅಂತ ಕೇಳಿದರು. ತರುತ್ತೇನೆ. ಅಲ್ಲಿ ಈಗಾಗಲೇ 30 ಗಾಡಿ ಬುಕ್ ಆಗಿವೆ, ನನ್ನ ಎರಡು ಪಾತ್ರೆ ಸಾಲೋದಿಲ್ಲ. ಮಿಡ್‌ಲ್ಯಾಂಡ್ಸ್ (ಇಂಗ್ಲೆಂಡಿನ ನಡುಭಾಗ) ಕಡೆ ಯಾರ ಹತ್ತಿರವಾದರೂ ಮದುವೆಮನೆ ಅಳತೆಯ ಕೊಳದಪ್ಪಲೆ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.